ಉಣ್ಣದ ಮಗುವಿಗೆಂದು ಮಾರುವ ಸಾಮಾನು: ಡಬ್ಬಿ, ಬಾಟಲಿ, ತಾಟು, ಕಡಕ್ ರೊಟ್ಟಿ

ವಿಜಯಪುರ, ಬಾಗಲಕೋಟೆ ಕಡೆ ಔಷಧದ ಅಂಗಡಿಯ ಕಟ್ಟೆಗೆ ನಿಂತು “ನಮ್ಮ ಹುಡುಗ ಏನೂ ಉಣ್ಣಂಗಿಲ್ರೀ” ಅಂದರೆ ಸಾಕು, ಒಂದು ಡಬ್ಬಿ ಪುಡಿ, ಒಂದು ಬಾಟಲಿ ಸಿರಪ್ ಮುಂದೆ ಬಂದು ಕೂರುತ್ತವೆ. ಪಾತ್ರೆ ಅಂಗಡಿಯಲ್ಲಿ ಕರಡಿ ಮುಖದ ತಾಟು ಇದೆ. ಮಕ್ಕಳ ಸಾಮಾನಿನ ಅಂಗಡಿಯಲ್ಲಿ ನೆಲಕ್ಕೆ ಕಚ್ಚಿಕೊಳ್ಳುವ ಬಟ್ಟಲು ಇದೆ. ಎಲ್ಲವನ್ನೂ ಕೊಂಡು ತಂದ ಮನೆಯಲ್ಲೂ ರಾತ್ರಿ ಎಂಟಕ್ಕೆ ಅದೇ ರಾಮಾಯಣ. ಒಂದೂವರೆಯಿಂದ ಆರು ವರ್ಷದ ಮಕ್ಕಳಿಗೆಂದು ನಮ್ಮ ಪೇಟೆಯಲ್ಲಿ ಸಿಗುವ ಈ ಸಾಮಾನುಗಳನ್ನು ಇಲ್ಲಿ ಒಂದೇ ತಕ್ಕಡಿಯಲ್ಲಿ ತೂಗಿದೆ: ಇದು ಮಗುವನ್ನು ಹಸಿವಿನಿಂದ ಊಟಕ್ಕೆ ಕೂರಿಸುತ್ತದೆಯೋ, ಊಟಕ್ಕೆ ಮೊದಲೇ ಹೊಟ್ಟೆ ತುಂಬಿಸಿಬಿಡುತ್ತದೆಯೋ?

ಕೊಳ್ಳುವ ಮೊದಲು ಒಂದು ಲೆಕ್ಕ ನೋಡಿ. ಹುಟ್ಟಿದಾಗ 3 ಕಿಲೋ ಇದ್ದ ಕೂಸು ವರ್ಷ ತುಂಬುವ ಹೊತ್ತಿಗೆ 9 ಕಿಲೋದ ಆಸುಪಾಸಿಗೆ ಬರುತ್ತದೆ. ಎರಡನೆಯ ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕಿಲೋ ಅಷ್ಟೇ. ಆಮೇಲೆ ವರ್ಷಕ್ಕೆ ಸುಮಾರು ಎರಡು. ಬೆಳೆಯುವ ವೇಗ ಇಳಿದ ಮೇಲೆ ಹಸಿವೂ ಇಳಿಯುತ್ತದೆ. ಅದೇ ಹೊತ್ತಿಗೆ, ಎರಡರಿಂದ ಆರು ವರ್ಷದ ನಡುವೆ, ಹೊಸ ತಿನಿಸನ್ನು ಕಂಡರೆ ಹಿಂಜರಿಯುವ ಸ್ವಭಾವವೂ ಜೋರಾಗಿರುತ್ತದೆ. ಮನೆಯವರಿಗೆ ಕಾಣುವುದು “ಮೊದಲು ಎಲ್ಲಾ ಉಣ್ಣತಿತ್ತು, ಈಗ ಏನಾತೋ” ಎಂಬುದು ಮಾತ್ರ. ಡಬ್ಬಿಗಳು ಹೆಚ್ಚು ಖರ್ಚಾಗುವುದು ಈ ಗಾಬರಿಯ ಮೇಲೆಯೇ.

ಮೊದಲು ಹಾಲಿಗೆ ಬೆರೆಸುವ ಪುಡಿಯ ಡಬ್ಬಿ. ಡಬ್ಬಿಯ ಮುಂದಿನ ಚಿತ್ರ ಬಿಟ್ಟು ಹಿಂದೆ ತಿರುಗಿಸಿ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರಬೇಕೆಂಬುದು ನಿಯಮ. ಮೊದಲ ಮೂರರೊಳಗೆ ಸಕ್ಕರೆ, ಮಾಲ್ಟೊಡೆಕ್ಸ್‌ಟ್ರಿನ್, ಲಿಕ್ವಿಡ್ ಗ್ಲೂಕೋಸ್ ಕಂಡರೆ ಅದು ಸಿಹಿ ಪುಡಿ. ವಿಟಮಿನ್ ಆಮೇಲೆ ಬೆರೆಸಿದ್ದು. ಪೋಷಕಾಂಶದ ಕೋಷ್ಟಕದಲ್ಲಿ “100 ಗ್ರಾಂಗೆ” ಎಂಬ ಸಾಲನ್ನೇ ಓದಿ, “ಒಂದು ಸಲಕ್ಕೆ” ಎಂಬ ಸಾಲನ್ನಲ್ಲ. ಚಾಕೊಲೇಟ್ ರುಚಿಯ ಪುಡಿಗಳಲ್ಲಿ ನೂರಕ್ಕೆ ಮೂವತ್ತು, ನಲವತ್ತು ಗ್ರಾಂ ಸಕ್ಕರೆ ಇರುವುದು ಅಪರೂಪವಲ್ಲ. ಅಂದರೆ 25 ಗ್ರಾಂ ಪುಡಿಯಲ್ಲಿ ಎರಡು, ಎರಡೂವರೆ ಚಹಾ ಚಮಚೆ ಸಕ್ಕರೆ. ಅದರ ಮೇಲೆ ಅಜ್ಜಿ ಹಾಕುವ ಒಂದು ಚಮಚೆ ಬೇರೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಸಾಲಿನಿಂದ ತೆಗೆಯಿರಿ ಎಂದು ಆನ್‌ಲೈನ್ ಅಂಗಡಿಗಳಿಗೆ ಹೇಳಿತು. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಹಾಗೊಂದು ವರ್ಗವೇ ಇಲ್ಲ.

ಸಕ್ಕರೆಗಿಂತ ದೊಡ್ಡ ತೊಂದರೆ ಕುಡಿಸುವ ಹೊತ್ತಿನದು. 200 ಮಿ.ಲೀ. ಹಾಲು, ಪುಡಿ, ಸಕ್ಕರೆ ಸೇರಿ 230 ಕ್ಯಾಲೊರಿಯ ಹತ್ತಿರ ಹೋಗುತ್ತದೆ. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 1,360. ಸಂಜೆ ಏಳಕ್ಕೆ ಆ ಲೋಟ ಕುಡಿದ ಮಗು ಎಂಟಕ್ಕೆ ರೊಟ್ಟಿ ಮುಟ್ಟದಿದ್ದರೆ ಅದು ಹಠ ಅಲ್ಲ, ಹೊಟ್ಟೆ ತುಂಬಿದೆ. “ಊಟ ಅಂತೂ ಮಾಡಲಿಲ್ಲ, ಹಾಲಾದರೂ ಕುಡೀಲಿ” ಎಂದು ಮಲಗುವಾಗ ಇನ್ನೊಂದು ಲೋಟ ಕೊಡುತ್ತಾರೆ. ಮರುದಿನ ಬೆಳಗ್ಗೆ ತಿಂಡಿ ಬೇಡ. ಈ ಸುತ್ತು ವಾರಗಟ್ಟಲೆ ನಡೆಯುತ್ತದೆ. ಹಸುವಿನ ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ದಿನಕ್ಕೆ ಅರ್ಧ ಲೀಟರ್ ದಾಟಿದರೆ ಹಸಿವೂ ಸಾಯುತ್ತದೆ, ರಕ್ತವೂ ಕಡಿಮೆಯಾಗುತ್ತದೆ, ರಕ್ತ ಕಡಿಮೆಯಾದ ಮಗುವಿಗೆ ಹಸಿವು ಮತ್ತೂ ಇಳಿಯುತ್ತದೆ. ಪುಡಿಗೆ ನಮ್ಮ ತೀರ್ಪು: ವಿಷವೇನಲ್ಲ, ಆದರೆ ಉಣ್ಣದ ಮಗುವಿಗೆ ಮದ್ದೂ ಅಲ್ಲ. ಮನೆಯಲ್ಲಿ ಈಗಾಗಲೇ ಡಬ್ಬಿ ಇದ್ದರೆ ಸಂಜೆ ನಾಲ್ಕೂವರೆಗೆ, ಅರ್ಧ ಅಳತೆಯಲ್ಲಿ, 150 ಮಿ.ಲೀ. ಹಾಲಿಗೆ ಹಾಕಿ ಮುಗಿಸಿ.

ಪುಡಿ ಬೇಕೇ ಬೇಕು ಅನ್ನುವವರಿಗೆ ಪಂಚಮಿಯ ಅಳ್ಳಿಟ್ಟೇ ಇದೆಯಲ್ಲ. ಜೋಳದ ಅರಳು 100 ಗ್ರಾಂ, ಪುಠಾಣಿ (ಹುರಿಗಡಲೆ) 100 ಗ್ರಾಂ, ಹುರಿದು ಸಿಪ್ಪೆ ತೆಗೆದ ಶೇಂಗಾ 50 ಗ್ರಾಂ. ಅರಳು ಮತ್ತು ಪುಠಾಣಿಯನ್ನು ಮೊದಲು ನುಣ್ಣಗೆ ಬೀಸಿಕೊಂಡು, ಅದೇ ಹಿಟ್ಟಿನ ಜತೆ ಶೇಂಗಾ ಸೇರಿಸಿ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಬೇಕು. ಶೇಂಗಾ ಒಂದನ್ನೇ ಹಾಕಿ ಒಂದೇ ಸಮನೆ ತಿರುಗಿಸಿದರೆ ಬಿಸಿಗೆ ಎಣ್ಣೆ ಬಿಟ್ಟು ಮುದ್ದೆ ಕಟ್ಟುತ್ತದೆ. ಹಾಲಿಗೆ ಎರಡು ಚಮಚೆ, ಚೂರು ಬೆಲ್ಲ. ಹದಿನೈದು ದಿನಕ್ಕೆ ಸಾಕಾಗುವಷ್ಟೇ ಮಾಡಿಕೊಳ್ಳಿ, ಶೇಂಗಾ ಮುಗ್ಗುತ್ತದೆ. ಶೇಂಗಾ ಇನ್ನೂ ತಿನ್ನದ ಕೂಸಾದರೆ ಮೊದಲ ಸಲ ಚಿಟಿಕೆಯಷ್ಟು ಕೊಟ್ಟು ಮೈಮೇಲೆ ಗಂದೆ, ವಾಂತಿ, ಉಬ್ಬಸ ಕಾಣುತ್ತದೆಯೇ ನೋಡಬೇಕು.

ಇನ್ನು ಬಾಟಲಿ. ಹಸಿವು ತರಿಸುತ್ತದೆ ಎಂದು ಕೊಡುವ ಹಲವು ಸಿರಪ್‌ಗಳಲ್ಲಿ ಇರುವುದು ಸೈಪ್ರೊಹೆಪ್ಟಡಿನ್, ಮೂಲತಃ ಅಲರ್ಜಿಯ ಔಷಧ. ಹಸಿವು ಹೆಚ್ಚುವುದು ಅದರ ಅಡ್ಡ ಪರಿಣಾಮ. ಹಾಗೆಯೇ ತೂಕಡಿಕೆ, ಒಣ ಬಾಯಿ, ಮಲಬದ್ಧತೆ ಕೂಡ. ಎರಡು ವರ್ಷದೊಳಗಿನವರಿಗೆ ಕೊಡುವಂತಿಲ್ಲ. ನಿಲ್ಲಿಸಿದ ಮೇಲೆ ಹಸಿವು ಮೊದಲಿನ ಮಟ್ಟಕ್ಕೆ ಇಳಿಯುವುದೇ ಹೆಚ್ಚು, ಯಾಕೆಂದರೆ ಊಟದ ಅಭ್ಯಾಸ ಅಲ್ಲಿ ಬದಲಾಗಿರುವುದಿಲ್ಲ. ಕೆಲವು ಕಾಯಿಲೆಗಳಲ್ಲಿ ವೈದ್ಯರು ಯೋಚಿಸಿ ಬರೆಯುತ್ತಾರೆ. ಅದು ಬೇರೆ ಮಾತು. ಪಕ್ಕದ ಮನೆಯ ಬಾಟಲಿಯ ಹೆಸರು ಚೀಟಿಯಲ್ಲಿ ಬರೆದುಕೊಂಡು ಹೋಗಿ ತರುವ ಸಾಮಾನಲ್ಲ ಇದು.

ದುಡ್ಡಿಲ್ಲದ ಎರಡು ಔಷಧಗಳು ಇದಕ್ಕಿಂತ ಮುಂಚೆ ಬರಬೇಕು. ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಕಬ್ಬಿಣದ ಸಿರಪ್ (ಅದರಲ್ಲಿ 20 ಮಿ.ಗ್ರಾಂ ಕಬ್ಬಿಣ) ಆಶಾ, ಅಂಗನವಾಡಿ ಮೂಲಕ ಕೊಡುವ ಕಾರ್ಯಕ್ರಮ ಇದೆ. ಜಂತುಹುಳಕ್ಕೆ ಫೆಬ್ರುವರಿ 10 ಮತ್ತು ಆಗಸ್ಟ್ 10ರ ಸುತ್ತಿನಲ್ಲಿ ಅಲ್ಬೆಂಡಜೋಲ್ ಮಾತ್ರೆ: ಒಂದರಿಂದ ಎರಡು ವರ್ಷದವರಿಗೆ ಅರ್ಧ, ಅದಕ್ಕೆ ಮೇಲ್ಪಟ್ಟವರಿಗೆ 400 ಮಿ.ಗ್ರಾಂನ ಇಡೀ ಮಾತ್ರೆ, ಪುಡಿ ಮಾಡಿ ಅಥವಾ ಅಗಿದು. ಕಬ್ಬಿಣದ ಸಿರಪ್ ಬಗ್ಗೆ ಮನೆಯವರು ಹೆದರುವುದು ಕಪ್ಪು ಮಲ ಕಂಡು, ಅದು ಸಹಜ. ಕೆಲಸ ಕೆಡುವುದು ಅದನ್ನು ಹಾಲಿನ ಜತೆ ಕುಡಿಸಿದಾಗ. ಹಾಲಿಗೂ ಅದಕ್ಕೂ ಎರಡು ತಾಸು ಅಂತರ ಇರಲಿ. ಮಗು ಮಣ್ಣು, ಬಳಪ, ಗೋಡೆಯ ಸುಣ್ಣ ತಿನ್ನುತ್ತಿದ್ದರೆ ತಡ ಮಾಡದೆ ಹಿಮೋಗ್ಲೋಬಿನ್ ನೋಡಿಸಿ.

ತಾಟಿಗೆ ಬರೋಣ. ಇಲ್ಲಿ ದುಡ್ಡು ಹಾಕುವುದಕ್ಕೆ ಅರ್ಥವಿದೆ, ಆದರೆ ಕರಡಿ ಮುಖಕ್ಕಲ್ಲ. ಆರಿಸಿ ಉಣ್ಣುವ ಮಕ್ಕಳಲ್ಲಿ ಬಹಳ ಮಂದಿಗೆ ಸಾರು ಹರಿದು ಪಲ್ಯಕ್ಕೆ ತಾಗಿದರೆ ಎರಡೂ ಬೇಡ. ಅದಕ್ಕೆ ಖಾನೆ ಇರುವ ಸ್ಟೀಲ್ ತಾಟು. ಮದುವೆ ಮನೆಯ ಐದು ಖಾನೆಯ ದೊಡ್ಡ ತಾಟು ತರಬೇಡಿ; ಅದರಲ್ಲಿ ಮಗುವಿನ ಎರಡು ಚಮಚೆ ಪಲ್ಯ ಬಿಕೋ ಅನ್ನುತ್ತದೆ, ಬಡಿಸುವವರ ಕೈ ತಾನಾಗಿಯೇ ಗುಡ್ಡ ಹಾಕುತ್ತದೆ. ಅಡ್ಡಳತೆ 20ರಿಂದ 22 ಸೆಂ.ಮೀ., ಮೂರು ಖಾನೆ, ಎರಡು ಸೆಂ.ಮೀ. ಆಳ ಇದ್ದರೆ ಸಾಕು. ಖಾನೆಯ ಗೋಡೆ ನೇರವಾಗಿರಲಿ. ಇಳಿಜಾರಾಗಿದ್ದರೆ ಚಮಚೆಗೆ ಒತ್ತು ಸಿಗದೆ ಅನ್ನ ಗೋಡೆ ಹತ್ತಿ ಆಚೆ ಬೀಳುತ್ತದೆ. ಅಂಚು ಒಳಮಡಿಕೆಯಾಗಿದೆಯೇ ಎಂದು ಬೆರಳು ಸವರಿ ನೋಡಿ ತಗೊಳ್ಳಿ.

ನೆಲಕ್ಕೆ ಕಚ್ಚಿಕೊಳ್ಳುವ ಸಿಲಿಕಾನ್ ಬಟ್ಟಲಿನ ಜಾಹೀರಾತು ಗಾಜಿನ ಮೇಜಿನ ಮೇಲೆ ತೆಗೆದದ್ದು. ನಮ್ಮಲ್ಲಿ ಉಣ್ಣುವುದು ನೆಲದ ಮೇಲೆ, ನೆಲ ಶಹಾಬಾದ್ ಕಲ್ಲು. ತಳ ಒದ್ದೆ ಮಾಡಿ, ಅಂಗೈ ಊರಿ ಒತ್ತಿದರೆ ಕಚ್ಚಿದ ಹಾಗೇ ಅನ್ನಿಸುತ್ತದೆ. ಕಲ್ಲಿನ ಸಣ್ಣ ಗುಂಡಿಗಳಿಂದ ಗಾಳಿ ಒಳಗೆ ನುಸುಳಿ, ಮಗು ಎರಡನೇ ತುತ್ತಿಗೆ ಕೈ ಹಾಕುವಷ್ಟರಲ್ಲಿ ‘ಪುಸ್’ ಎಂದು ಬಿಡುತ್ತದೆ. ಕಟ್ಟಿಗೆಯ ಮಣೆಯ ಮೇಲೂ ಅದೇ ಪಾಡು. ಗ್ರಾನೈಟ್, ನುಣುಪು ಟೈಲ್ಸ್, ಸ್ಟೀಲ್ ಮೇಲೆ ಮಾತ್ರ ನಿಲ್ಲುತ್ತದೆ. ಈಗಾಗಲೇ ಕೊಂಡಿದ್ದರೆ ಒಂದು ಉಪಾಯ: ಹಿಟ್ಟು ನಾದುವ ಸ್ಟೀಲ್ ಪರಾತವನ್ನು ನೆಲದ ಮೇಲಿಟ್ಟು, ಬಟ್ಟಲನ್ನು ಅದರ ನಡುವೆ ಒತ್ತಿ. ಪರಾತ ಭಾರ, ಮಗು ಎತ್ತಲಾರದು. ಚೆಲ್ಲಿದ್ದೂ ಅದರಲ್ಲೇ ಬೀಳುತ್ತದೆ. ಸಿಲಿಕಾನಿನ ಇನ್ನೊಂದು ಕೊರತೆ ವಾಸನೆ. ಸಾಬೂನು, ಹಳೇ ಎಣ್ಣೆಯ ವಾಸನೆಯನ್ನು ಹೀರಿ ಇಟ್ಟುಕೊಳ್ಳುತ್ತದೆ. ದೊಡ್ಡವರ ಮೂಗಿಗೆ ಬಾರದ್ದು ಈ ಮಕ್ಕಳ ಮೂಗಿಗೆ ಬರುತ್ತದೆ. ನಿನ್ನೆ ತಿಂದ ಉಪ್ಪಿಟ್ಟನ್ನು ಇವತ್ತು ಯಾಕೆ ದೂಡಿತು ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಬಟ್ಟಲನ್ನು ಮೂಸಿ ನೋಡಿ. ಹತ್ತು ನಿಮಿಷ ನೀರಲ್ಲಿ ಕುದಿಸಿ ಬಿಸಿಲಿಗೆ ಇಟ್ಟರೆ ಬಹುಪಾಲು ಹೋಗುತ್ತದೆ.

ಎತ್ತರದ ಕುರ್ಚಿ ಕೊಳ್ಳುವುದಾದರೆ ಪಾದ ಊರುವ ಹಲಗೆ ಇದ್ದದ್ದನ್ನೇ ಕೊಳ್ಳಿ. ಕಾಲು ಜೋತಾಡುತ್ತಿದ್ದರೆ ಮಗು ಐದು ನಿಮಿಷಕ್ಕೆ ಇಳಿಯುತ್ತೇನೆ ಅನ್ನುತ್ತದೆ. ಚಕ್ಕಳಮಕ್ಕಳ ಹಾಕಿ ಮಣೆಯ ಮೇಲೆ ಕೂತರೆ ಈ ಸಮಸ್ಯೆಯೇ ಇಲ್ಲ. ಊಟದ ಹೊತ್ತಿಗೆಂದು ಮಾರುವ ಮೊಬೈಲ್ ಸ್ಟ್ಯಾಂಡ್ ಬಗ್ಗೆ ಹೆಚ್ಚು ಬರೆಯುವುದಿಲ್ಲ: ತುತ್ತು ಇಳಿಯುತ್ತದೆ, ಏನು ತಿಂದೆ, ಹೊಟ್ಟೆ ತುಂಬಿತೇ ಎಂಬುದು ಮಗುವಿಗೆ ಗೊತ್ತಾಗುವುದಿಲ್ಲ.

ಈಗ ಈ ಇಡೀ ಪೇಟೆಯಲ್ಲಿ ಕಣ್ಣು ಮುಚ್ಚಿ ಕೊಳ್ಳಬಹುದಾದ ಸಾಮಾನು: ಕಡಕ್ ರೊಟ್ಟಿ. ನಗಬೇಡಿ. ಮಕ್ಕಳ ಆಹಾರ ಎಂದು ಯಾರೂ ಅದರ ಮೇಲೆ ಬರೆದಿಲ್ಲ, ಆದರೆ ಆರಿಸಿ ಉಣ್ಣುವ ಮಗುವಿಗೆ ಬೇಕಾದ ಗುಣ ಅದರಲ್ಲಿದೆ. ಇಂಥ ಮಕ್ಕಳು ಬಿಸ್ಕೀಟು, ಚಿಪ್ಸು, ಖಾರಿ ಹಿಡಿದು ಕೂರುವುದು ಬರೀ ರುಚಿಗಲ್ಲ. ಪ್ರತಿ ಸಲ ಅದೇ ಬಣ್ಣ, ಅದೇ ಸದ್ದು, ಅದೇ ಗರಿ. ಬಾಯಲ್ಲಿ ಅನಿರೀಕ್ಷಿತ ಏನೂ ಇಲ್ಲ. ಪಲ್ಯದಲ್ಲಿ ಒಂದು ಹೋಳು ಮೆತ್ತಗೆ, ಒಂದು ಗಟ್ಟಿ, ನಡುವೆ ಸಾಸಿವೆ. ಕಡಕ್ ರೊಟ್ಟಿ ಬಿಸ್ಕೀಟಿನ ಹಾಗೆ ಒಂದೇ ಸಮ, ಆದರೆ ಸಕ್ಕರೆಯಿಲ್ಲ, ಎಣ್ಣೆಯಿಲ್ಲ. 30 ಗ್ರಾಂ ತೂಗುವ ತೆಳು ರೊಟ್ಟಿಯಲ್ಲಿ ಸುಮಾರು 100 ಕ್ಯಾಲೊರಿ, 3 ಗ್ರಾಂ ಪ್ರೋಟೀನ್.

ಕೊಳ್ಳುವಾಗ ಅಂಚು ಮುರಿದು ನೋಡಿ. ‘ಟಕ್’ ಅನ್ನಬೇಕು. ಬಾಗಿ ಮುರಿದರೆ ತೇವ ಹಿಡಿದಿದೆ. ಮೂಗಿಗೆ ಹಿಡಿದರೆ ಹುರಿದ ಜೋಳದ ವಾಸನೆ ಬರಬೇಕು. ಹಳೇ ಹಿಟ್ಟಿನದಾದರೆ ತುದಿ ನಾಲಿಗೆಗೆ ಕಹಿ ಹತ್ತುತ್ತದೆ. ಹಿಂಗಾರಿಯ ಮಾಲದಂಡಿ ಜೋಳದ್ದಾದರೆ ಬೆಳ್ಳಗೆ, ಸಿಹಿ ಛಾಯೆ, ಮಕ್ಕಳಿಗೆ ಅದೇ ಸರಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯಲ್ಲಿ ಕಬ್ಬಿಣ ಹೆಚ್ಚು, ಆದರೆ ಸಜ್ಜೆ ಹಿಟ್ಟಿನಲ್ಲಿ ಕೊಬ್ಬು ಜಾಸ್ತಿ ಇರುವುದರಿಂದ ಬೇಗ ಮುಗ್ಗುತ್ತದೆ. ಎರಡು ವಾರದೊಳಗೆ ಮುಗಿಸಿ. ಜೋಳದ್ದು ಒಣ ಡಬ್ಬಿಯಲ್ಲಿ ತಿಂಗಳು ಇರುತ್ತದೆ. ಶ್ರಾವಣದ ಜಿಟಿಜಿಟಿಗೆ ಮೆತ್ತಗಾದರೆ ಸಣ್ಣ ಉರಿಯ ಹಂಚಿನ ಮೇಲೆ ಅರ್ಧ ನಿಮಿಷ, ಎರಡೂ ಬದಿ.

ಕೊಡುವ ಕ್ರಮ ಮುಖ್ಯ. ಮೊದಲ ಮೂರು ದಿನ ಎರಡು ಬೆರಳಗಲದ ಒಣ ಚೂರು ಮಾತ್ರ, ಮಗು ಹೇಗಿದ್ದರೂ ತಿನ್ನುವ ಒಂದು ಪದಾರ್ಥದ ಪಕ್ಕದಲ್ಲಿ. ಆಮೇಲೆ ಅದೇ ಚೂರಿಗೆ ಬೆಣ್ಣೆ. ನಂತರ ಬೆಣ್ಣೆಯ ಮೇಲೆ ಚಿಟಿಕೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಅದು ಒಗ್ಗಿದ ಮೇಲೆ ಬೇರೆ ಖಾನೆಯಲ್ಲಿ ಗಟ್ಟಿ ಮೊಸರು, ಅದ್ದಿಕೊಳ್ಳಲು. ಮುಂದೆ ಮೊಸರಿನ ಜಾಗಕ್ಕೆ ತೊವ್ವೆ, ಕೊನೆಗೆ ಎಣ್ಣೆಗಾಯಿಯ ರಸ. ಒಂದು ಸಲಕ್ಕೆ ಒಂದೇ ಬದಲಾವಣೆ. ಹೊಸದೊಂದನ್ನು ಒಪ್ಪಿಕೊಳ್ಳಲು ಮಕ್ಕಳಿಗೆ 8ರಿಂದ 15 ಸಲ ಅದು ಕಣ್ಣಿಗೆ, ಕೈಗೆ, ನಾಲಿಗೆಗೆ ಬೀಳಬೇಕಾಗುತ್ತದೆ. ನಾವು ಮೂರನೇ ಸಲಕ್ಕೇ “ಅದಕ್ಕ ಸೇರಂಗಿಲ್ಲ ಬಿಡು” ಅಂದುಬಿಡುತ್ತೇವೆ. ಮುಟ್ಟಿ, ಮೂಸಿ, ಉಗುಳಿದರೂ ಲೆಕ್ಕಕ್ಕೆ ಒಂದು.

ಕೆಡುವುದು ಎಲ್ಲಿ ಅಂದರೆ, ದೊಡ್ಡವರು ಪ್ರೀತಿಯಿಂದ ರೊಟ್ಟಿಯನ್ನು ಸಾರಿನಲ್ಲಿ ಮುರಿದು ಕಲಸಿ ಮುಂದಿಡುತ್ತಾರೆ. ಗರಿಗರಿಗೆ ಒಲಿದ ಮಗುವಿಗೆ ಅದು ಬೇರೆಯೇ ಪದಾರ್ಥ, ಅದೂ ಮೋಸದಿಂದ ಕೊಟ್ಟದ್ದು. ಮೆತ್ತನೆಯದನ್ನೇ ಇಷ್ಟಪಡುವ ಮಗುವಾದರೆ ತಿರುಗಾ ಮುರುಗಾ: ಜೋಳದ ನುಚ್ಚು ಮಜ್ಜಿಗೆಯಿಂದ ಶುರು ಮಾಡಿ, ಕಡಕ್ ರೊಟ್ಟಿ ಕೊನೆಗೆ. ಒಂದೂವರೆ ವರ್ಷದೊಳಗಿನವರಿಗೆ ಚೂಪು ಚೂರು ಬೇಡ, ಬಿಸಿ ಹಾಲಲ್ಲೋ ತೊವ್ವೆಯಲ್ಲೋ ನೆನೆಸಿ. ನಾಲ್ಕು ವರ್ಷದವರೆಗೆ ಇಡೀ ಶೇಂಗಾ, ಪುಠಾಣಿ ಕೈಗೆ ಕೊಡಬೇಡಿ, ಗಂಟಲಿಗೆ ಸಿಕ್ಕುತ್ತದೆ. ಒಣದ್ರಾಕ್ಷಿಯನ್ನು ನೆನೆಸಿ ಹೆಚ್ಚಿ.

ಅಂಗಡಿಯ ಹಿಂಡಿ ದೊಡ್ಡವರ ಖಾರಕ್ಕೆ ಕುಟ್ಟಿದ್ದು. ಮಗುವಿಗೆ ಬೇರೆ ಮಾಡಿ: ಹುರಿದ ಶೇಂಗಾ 200 ಗ್ರಾಂ, ಬೀಜ ತೆಗೆದ ಬ್ಯಾಡಗಿ ಮೆಣಸಿನಕಾಯಿ ಒಂದು, ಬಳ್ಳೊಳ್ಳಿ ನಾಲ್ಕು ಎಸಳು, ಜೀರಿಗೆ ಅರ್ಧ ಚಮಚೆ, ಉಪ್ಪು ಅರ್ಧ ಚಮಚೆ. ಒಂದು ಚಹಾ ಚಮಚೆ ಹಿಂಡಿಯಲ್ಲಿ ಒಂದು ಗ್ರಾಂಗಿಂತ ಹೆಚ್ಚು ಪ್ರೋಟೀನ್ ಸಿಗುತ್ತದೆ. ಅಗಸಿ ಹಿಂಡಿ ಎರಡನೆಯದು. ಗುರೆಳ್ಳು ಸ್ವಲ್ಪ ಕಹಿ, ಅದನ್ನು ಕೊನೆಗೆ ಇಟ್ಟುಕೊಳ್ಳಿ. ಜೋಳ, ಕಾಳುಗಳ ಕಬ್ಬಿಣ ಮೈಗೆ ಹತ್ತಲು ಹುಳಿ ಬೇಕು. ಹೆಸರುಕಾಳಿನ ಉಸಳಿಯ ಮೇಲೆ ಅರ್ಧ ಹೋಳು ಇಂಡಿ ನಿಂಬೆ ಹಿಂಡಿದರೆ ಆಯಿತು. 2023ರಲ್ಲಿ ಭೌಗೋಳಿಕ ಗುರುತು ಪಡೆದ ಹಣ್ಣು ಮನೆ ಬಾಗಿಲಲ್ಲೇ ಇದೆ. ಊಟದ ಜತೆ ಚಹಾ ಮಾತ್ರ ಬೇಡ. ಚಹಾದಲ್ಲಿ ಬಿಸ್ಕೀಟು ಅದ್ದಿ ತಿನ್ನಿಸುವ ರೂಢಿ ಹಸಿವನ್ನೂ ಕಬ್ಬಿಣವನ್ನೂ ಒಟ್ಟಿಗೆ ಕಟ್ಟಿಹಾಕುತ್ತದೆ.

ಹೊರಗೆ ಉಣ್ಣಿಸುವುದಾದರೆ ಖಾನಾವಳಿಗೆ ಒಳ್ಳೆಯ ಅಂಕ. ತಾಟಿನಲ್ಲಿ ಎಲ್ಲವೂ ಸ್ವಲ್ಪ ಸ್ವಲ್ಪ, ಬೇರೆ ಬೇರೆ ವಾಟಗದಲ್ಲಿ ಬರುತ್ತದೆ. ಸೌತೆಕಾಯಿ, ಗಜ್ಜರಿ, ಹಕ್ಕರಕಿ ಹಸಿಯಾಗಿಯೇ ಇರುತ್ತವೆ. ಸುತ್ತಲೂ ಹತ್ತು ಜನ ಅದನ್ನೇ ಉಣ್ಣುವುದು ಮಗುವಿಗೆ ಕಾಣುತ್ತದೆ, ಇದು ಮನೆಯಲ್ಲಿ ಸಿಗದ ಸೌಲಭ್ಯ. ಖಾರವೇ ಅಡ್ಡಿ. ಪಲ್ಯಕ್ಕಿಂತ ಮೊದಲು ಮೊಸರು, ಬೆಣ್ಣೆ, ಬಿಸಿ ರೊಟ್ಟಿ ತರಿಸಿಕೊಳ್ಳಿ. ಮಧ್ಯಾಹ್ನ ಎರಡರ ಗದ್ದಲಕ್ಕೆ ಹೋದರೆ ಕಾಯುವಷ್ಟರಲ್ಲಿ ಮಗು ಬಿಸ್ಕೀಟಿನಲ್ಲಿ ಹೊಟ್ಟೆ ತುಂಬಿಸಿಕೊಂಡಿರುತ್ತದೆ. ಹನ್ನೆರಡೂವರೆಗೆ ಹೋಗಿ. ಅಮೀನಗಡ, ಗೋಕಾಕದ ಕರದಂಟು, ಬೆಳಗಾವಿಯ ಕುಂದಾ ರುಚಿಯ ಬಗ್ಗೆ ಎರಡು ಮಾತಿಲ್ಲ. ಆದರೆ “ರೊಟ್ಟಿ ತಿಂದರೆ ಕರದಂಟು” ಎಂದಕೂಡಲೇ ರೊಟ್ಟಿ ಶಿಕ್ಷೆಯಾಗುತ್ತದೆ. ಕೊಡುವ ದಿನ ಒಂದು ಬೆರಳಗಲದ ತುಂಡನ್ನು ಊಟದ ತಾಟಿನಲ್ಲೇ ಇಟ್ಟುಬಿಡಿ. ಮೊದಲು ಅದನ್ನೇ ತಿಂದರೂ ಸರಿ.

ಅಂಗಡಿಯಲ್ಲಿ ಸಿಗದ್ದು ಒಂದೇ, ಊಟಗಳ ನಡುವಿನ ಅಂತರ. ಮೂರು ಊಟ, ಎರಡು ತಿಂಡಿ, ನಡುವೆ ಎರಡೂವರೆ ಮೂರು ತಾಸು, ಆ ಹೊತ್ತಿನಲ್ಲಿ ನೀರು ಮಾತ್ರ. ಸಂಜೆಯ ತಿಂಡಿಗೆ ಖಾರವಿಲ್ಲದ ಸೂಸಲ (ನೆನೆಸಿದ ಚುರುಮುರಿಯ ಒಗ್ಗರಣೆ) ಮೇಲೆ ಪುಠಾಣಿ ಹಿಟ್ಟು ಉದುರಿಸಿದ್ದು ಚೆನ್ನ. ಏನು, ಯಾವಾಗ, ಎಲ್ಲಿ ಎಂಬುದನ್ನು ದೊಡ್ಡವರು ತೀರ್ಮಾನಿಸಬೇಕು, ಎಷ್ಟು ಎಂಬುದನ್ನು ಮಗು. ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹಾಕಿಕೊಟ್ಟ ಈ ಗೆರೆ ನಮ್ಮ ಮನೆಗಳಿಗೂ ಒಗ್ಗುತ್ತದೆ, ಅಜ್ಜಿ ಒಪ್ಪಿದರೆ. ಇಪ್ಪತ್ತು, ಮೂವತ್ತು ನಿಮಿಷಕ್ಕೆ ತಾಟು ಎತ್ತಿ, ಬೈಗುಳ ಬೇಡ. ಮೊದಲ ಮೂರು ನಾಲ್ಕು ದಿನ ಮಗು ಮೊದಲಿಗಿಂತ ಕಡಿಮೆ ಉಣ್ಣುತ್ತದೆ, ಬಹಳ ಮನೆಗಳು ಕೈಚೆಲ್ಲುವುದು ಅಲ್ಲಿಯೇ. ಏಪ್ರಿಲ್, ಮೇ ತಿಂಗಳ ನಲವತ್ತು ಡಿಗ್ರಿ ಬಿಸಿಲಲ್ಲಿ ಮಧ್ಯಾಹ್ನದ ಊಟ ಕುಸಿಯುವುದು ಸಹಜ. ದೊಡ್ಡ ಊಟವನ್ನು ಬೆಳಗಿನ ಎಂಟಕ್ಕೆ ಸರಿಸಿ, ಮಧ್ಯಾಹ್ನ ಅಂಬಲಿ ಮಜ್ಜಿಗೆಗೆ ಬಿಡಿ.

ಕೊನೆಯ ಸಾಮಾನು ಮಾರಾಟಕ್ಕಿಲ್ಲ: ಅಂಗನವಾಡಿಯ ತಕ್ಕಡಿ ಮತ್ತು ತೋಳಿನ ಪಟ್ಟಿ. ಮಗು ಉಣ್ಣುತ್ತಿಲ್ಲ ಎಂಬ ಮಾತು ನಿಜವೋ ಎಂದು ಹೇಳುವುದು ಅವೇ. ತಿಂಗಳಿಗೊಮ್ಮೆ, ಅದೇ ತಕ್ಕಡಿಯಲ್ಲಿ, ಚಪ್ಪಲಿ, ಕಾಲ್ಗಡಗ ತೆಗೆದು, ಉಂಡ ಕೂಡಲೇ ಅಲ್ಲದ ಹೊತ್ತಿನಲ್ಲಿ ತೂಗಿಸಿ, ತಾಯಿ ಕಾರ್ಡಿನ ಗೆರೆಯಲ್ಲಿ ಚುಕ್ಕೆ ಇಡಿಸಿ. ಚುಕ್ಕೆಗಳು ಗೆರೆಗೆ ಸಮನಾಗಿ ಏರುತ್ತಿದ್ದರೆ ಮಗು ತನಗೆ ಬೇಕಾದಷ್ಟು ಉಣ್ಣುತ್ತಿದೆ, ನಿಮ್ಮ ಕಣ್ಣಿಗೆ ಎಷ್ಟೇ ಕಡಿಮೆ ಕಂಡರೂ. ಮೂರು ತಿಂಗಳು ಅಡ್ಡಡ್ಡ ಹೋದರೆ, ಇಳಿದರೆ, ನುಂಗುವಾಗ ಕೆಮ್ಮು, ಓಕರಿಕೆ ಇದ್ದರೆ, ತಿನ್ನುತ್ತಿದ್ದ ಪದಾರ್ಥಗಳ ಪಟ್ಟಿ ದಿನೇ ದಿನೇ ಕುಗ್ಗುತ್ತಿದ್ದರೆ ಮಕ್ಕಳ ವೈದ್ಯರ ಹತ್ತಿರ ಹೋಗಬೇಕು. ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದು ಪಟ್ಟಿ ಕೆಂಪಿಗೆ ನಿಂತರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವಿಗೆ ಅಂತರ, ತಾಟು, ರೊಟ್ಟಿ ಎಂದು ಕಾಯುವಂತಿಲ್ಲ. ಅದೇ ದಿನ ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರವನ್ನು ಕೇಳಿಕೊಂಡು ಹೋಗಿ, ಕಾರ್ಡು ಜತೆಗಿರಲಿ.